ಸೋಲಾರ್‌ಗೆ ಹೊಲ ಕೊಡುವ ಮುಂಚೆ ಕರಾರಿನಲ್ಲಿ ಏನೇನು ಬರೆಸಬೇಕು?

ಪ್ರಶ್ನೆ (ಶಿರಾ ಕಡೆಯಿಂದ):
ಸೋಲಾರ್ ಪಾರ್ಕ್‌ಗೆ ಸುಮಾರು 300 ಎಕರೆ ಗುತ್ತಿಗೆಗೆ ಬೇಕು ಅಂತ ಹೋದ ತಿಂಗಳಿಂದ ನಮ್ಮೂರಲ್ಲಿ ಏಜೆಂಟರು ಓಡಾಡುತ್ತಿದ್ದಾರೆ. ನಮ್ಮದೂ ನಾಲ್ಕು ಎಕರೆ ಅದರಲ್ಲಿ ಬರುತ್ತದೆ. ಮಳೆ ನಂಬಿ ಕಡ್ಲೆಕಾಯಿ ಹಾಕುತ್ತೇವೆ, ಮೂರು ವರ್ಷಕ್ಕೆ ಒಂದು ಸಲ ಕೈಗೆ ಬಂದರೆ ಪುಣ್ಯ. ಅಪ್ಪನಿಗೆ ಕೊಡುವ ಮನಸ್ಸಿದೆ, ನನಗೂ ಬೇಡ ಅಂತೇನಿಲ್ಲ. ಆದರೆ ಪಕ್ಕದಲ್ಲೇ ಊರಿನ ಕುರಿಗಳೆಲ್ಲ ಮೇಯುವ ಬೋರೆ ಇದೆ, ನಡುವೆ ಕೆರೆಗೆ ಹೋಗುವ ಹಳ್ಳ ಇದೆ, ಬೆಳಗಿನ ಜಾವ ಕೌಜುಗ ಕೂಗುತ್ತವೆ, ಒಮ್ಮೊಮ್ಮೆ ತೋಳದ ಹೆಜ್ಜೆಯೂ ಕಾಣುತ್ತದೆ. ಇದೆಲ್ಲ ಉಳಿಯುವ ಹಾಗೆ ಪಾರ್ಕ್ ಮಾಡಬಹುದಾ? ತಿಳಿದವರು ಹೇಳಿ.

ಉತ್ತರ 1 (ಪಾವಗಡದಿಂದ):
ಒಮ್ಮೆ ನಮ್ಮ ಪಾವಗಡ ಸೋಲಾರ್ ಪಾರ್ಕ್ ಇರುವ ತಿರುಮಣಿ ಕಡೆ ಬಂದು ನೋಡಿ ಹೋಗಿ. ಐದು ಹಳ್ಳಿಗಳ ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ಇಲ್ಲಿ ಜಮೀನು ಕೊಂಡುಕೊಳ್ಳಲಿಲ್ಲ, 28 ವರ್ಷಕ್ಕೆ ಗುತ್ತಿಗೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಬರದ ಸೀಮೆಯಲ್ಲಿ ಇದು ಕಡಿಮೆ ಅಲ್ಲ. ಹತ್ತಿಪ್ಪತ್ತು ಎಕರೆ ಇದ್ದವರು ನೆಮ್ಮದಿಯಾಗಿದ್ದಾರೆ. ಮೂರು ಎಕರೆಯವರಿಗೆ ಲೆಕ್ಕ ಹಾಕಿ, ಮೊದಲ ವರ್ಷ ತಿಂಗಳಿಗೆ 5,250 ಬೀಳುತ್ತದೆ, ಅದರಲ್ಲಿ ಮನೆ ನಡೆಯಲ್ಲ. ಹೊಲವೇ ಇಲ್ಲದವರ ಕಥೆ ಇನ್ನೂ ಕಷ್ಟ. ಕಳೆ ಕೀಳೋದು, ಕಡ್ಲೆಕಾಯಿ ಬಿಡಿಸೋದು ಎಲ್ಲ ನಿಂತುಹೋಯಿತು. ಪ್ಯಾನೆಲ್ ಒರೆಸೋದು, ಹುಲ್ಲು ಕೊಯ್ಯೋದು, ಕಾವಲು ಕಾಯೋದು ಬಿಟ್ಟರೆ ಬೇರೆ ಕೆಲಸ ಕಮ್ಮಿ. ಸರ್ಕಾರಿ ಜಮೀನಿನಲ್ಲಿ ಬಗರ್‌ಹುಕುಂ (ಮಂಜೂರಾತಿ ಇಲ್ಲದ) ಸಾಗುವಳಿ ಮಾಡುತ್ತಿದ್ದು ಕಾಗದ ಇಲ್ಲದವರಿಗೆ ಬಾಡಿಗೆಯೂ ಇಲ್ಲ. ನಿಮ್ಮೂರಿನ ಕೂಲಿಯವರನ್ನು ಈಗಲೇ ಮಾತಿಗೆ ಕೂರಿಸಿಕೊಳ್ಳಿ. ಬೇಲಿ ಬಿದ್ದ ಮೇಲೆ ಅವರ ಮಾತು ಯಾರೂ ಕೇಳಲ್ಲ.

ಉತ್ತರ 2:
ನಾನು ಮಧುಗಿರಿ ಕಡೆ ಮೈದನಹಳ್ಳಿಯ ಕೃಷ್ಣಮೃಗ ನೋಡೋಕೆ ವರ್ಷ ವರ್ಷ ಹೋಗುತ್ತೇನೆ. ನಿಮ್ಮ ಬೋರೆಯೂ ಅದೇ ಬಗೆಯ ಹುಲ್ಲುಗಾವಲು. ಕಡತದಲ್ಲಿ ಅದನ್ನು ಪಾಳು ಅಂತ ಬರೆದಿರುತ್ತಾರೆ, ಅದಕ್ಕೇ ಕಂಪನಿಯವರ ಕಣ್ಣು ಮೊದಲು ಬೀಳೋದು ಅಲ್ಲಿಗೇ. ಬೋರೆಯನ್ನು ಪೂರ್ತಿ ಬಿಟ್ಟು ಉತ್ತ ಹೊಲದಲ್ಲೇ ಪ್ಯಾನೆಲ್ ಹಾಕಿ ಅನ್ನಿ. ಹಳ್ಳದ ಎರಡೂ ಬದಿ ಜಾಗ ಬಿಡಿಸಿ, ಬೇಲಿ ಹಳ್ಳ ದಾಟಬಾರದು, ಪ್ರಾಣಿಗಳಿಗೆ ಅದೇ ದಾರಿ. ಬೇಲಿಯ ಕೆಳಗೆ ಒಂದು ಗೇಣು ತೆರಪು ಬಿಟ್ಟರೆ ಮೊಲ, ಕೌಜುಗ ನುಸುಳಿಕೊಳ್ಳುತ್ತವೆ. ಇಡೀ ನೆಲ ಜೆಸಿಬಿಯಲ್ಲಿ ಕೆರೆದು ಸಪಾಟು ಮಾಡೋಕೆ ಬಿಡಬೇಡಿ. ಮಳೆ ನೀರು ಪ್ಯಾನೆಲ್‌ನ ಕೆಳ ಅಂಚಿಂದ ಒಂದೇ ಗೆರೆಯಲ್ಲಿ ಬೀಳುತ್ತದೆ, ಹುಲ್ಲಿಲ್ಲದಿದ್ದರೆ ಮಣ್ಣೆಲ್ಲ ಕೊಚ್ಚಿಕೊಂಡು ನಿಮ್ಮ ಕೆರೆಗೇ ಹೋಗಿ ಕೂರುತ್ತದೆ. ಕಳೆನಾಶಕವೂ ಬೇಡ. ಹುಲ್ಲು ಬೆಳೆಯಲಿ, ಕುರಿ ಮೇಯಲಿ.

ಪ್ರಶ್ನೆ ಕೇಳಿದವರು:
ಕುರಿ ಒಳಗೆ ಬಿಡ್ತಾರಾ ಸಾರ್? ಏಜೆಂಟರು ಆಗಲ್ಲ ಅಂದರು.

ಉತ್ತರ 2:
ಯಾಕೆ ಆಗಲ್ಲ? ಹೊರದೇಶಗಳಲ್ಲಿ ಪ್ಯಾನೆಲ್ ಕೆಳಗಿನ ಹುಲ್ಲಿಗೆ ಕುರಿಗಳನ್ನೇ ಬಿಡುತ್ತಾರೆ, ಅದು ಮಾಮೂಲಿ. ಪ್ಯಾನೆಲ್‌ನ ಕೆಳ ಅಂಚು ಸೊಂಟದ ಮಟ್ಟಕ್ಕಾದರೂ ಇರಬೇಕು, ವೈರೆಲ್ಲ ಪೈಪಿನೊಳಗೆ ಹೋಗಬೇಕು. ಮೇಕೆ ಮಾತ್ರ ಬೇಡ, ಅದು ವೈರು ಕಡಿಯುತ್ತದೆ, ಪ್ಯಾನೆಲ್ ಮೇಲೆ ಹತ್ತುತ್ತದೆ. ಎತ್ತರ ಎಷ್ಟು ಅಂತ ನಕ್ಷೆ ಮಾಡುವಾಗಲೇ ಕೇಳಿ, ಕಂಬ ನೆಟ್ಟ ಮೇಲೆ ಕೇಳಿ ಪ್ರಯೋಜನವಿಲ್ಲ.

ಉತ್ತರ 3:
ಕಾಗದದ ವಿಷಯ ಹೇಳುತ್ತೇನೆ. ಸರ್ಕಾರ ಭೂಸ್ವಾಧೀನ ಮಾಡಿದರೆ 2013ರ ಕಾಯ್ದೆಯಂತೆ ಸಾಮಾನ್ಯವಾಗಿ ಊರಿನ ಮೇಲೆ ಏನು ಪರಿಣಾಮ ಅಂತ ಅಧ್ಯಯನ ಆಗಬೇಕು. ಖಾಸಗಿ ಗುತ್ತಿಗೆಗೆ ಅದಿಲ್ಲ. ಸೋಲಾರ್‌ಗೆ ಪರಿಸರ ಅನುಮತಿಯೂ ಬೇಕಿಲ್ಲ. ಅಂದರೆ ನೀವು ಬರೆಸಿಕೊಂಡಿದ್ದಷ್ಟೇ ನಿಮ್ಮ ಕೈಲಿರೋದು. ಒಬ್ಬೊಬ್ಬರೇ ಹೋಗಿ ಸಹಿ ಹಾಕಬೇಡಿ, ಗ್ರಾಮಸಭೆಯಲ್ಲಿ ಕೂತು ಎಲ್ಲರಿಗೂ ಒಂದೇ ಕರಾರು ಮಾಡಿಸಿ, ನೋಂದಣಿ ಆಗಲೇಬೇಕು. ಪಹಣಿ ಯಾರ ಹೆಸರಲ್ಲಿದೆ, ಪೋಡಿ (ಅಳತೆ ಮಾಡಿ ಪಾಲು ಬೇರೆ ಮಾಡೋದು) ಆಗಿದೆಯಾ ನೋಡಿಕೊಳ್ಳಿ. ಬದು ಒಡೆದ ಮೇಲೆ ಯಾರ ಹೊಲ ಎಲ್ಲಿತ್ತು ಅಂತ ಗೊತ್ತಾಗಲ್ಲ, ಆದ್ದರಿಂದ ಮೊದಲೇ ಸರ್ವೆ ಮಾಡಿಸಿ ಬಾಂದುಕಲ್ಲಿನ ಫೋಟೋ ತೆಗೆದಿಡಿ. ಪ್ಯಾನೆಲ್ ತೊಳೆಯೋಕೆ ಊರಿನ ಬೋರ್‌ವೆಲ್ ಮುಟ್ಟಬಾರದು, ಗುತ್ತಿಗೆ ಮುಗಿದಾಗ ಕಂಬ, ಕಾಂಕ್ರೀಟು ಕಿತ್ತು ನೆಲ ಮೊದಲಿನಂತೆ ಮಾಡಿ ಕೊಡಬೇಕು, ಅದಕ್ಕೆ ದುಡ್ಡು ಮೊದಲೇ ಠೇವಣಿ ಇಡಬೇಕು ಅಂತ ಬರೆಸಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಅಪ್ಪನಿಗೆ ಓದಿ ಹೇಳಿದೆ. ಸಹಿ ಸದ್ಯಕ್ಕೆ ಹಾಕಲ್ಲ ಅಂದರು. ಭಾನುವಾರ ಕುರಿಯವರು, ಕೂಲಿಯವರು ಎಲ್ಲರನ್ನೂ ಕರೆದು ಅರಳಿಕಟ್ಟೆ ಹತ್ತಿರ ಕೂರುತ್ತೇವೆ. ಪಾವಗಡದವರೇ, ಅದಕ್ಕೂ ಮುಂಚೆ ನಾಲ್ಕು ಜನ ತಿರುಮಣಿಗೆ ಬರುತ್ತೇವೆ, ಅಲ್ಲಿನ ಒಂದಿಬ್ಬರು ಕೂಲಿಯವರ ಜೊತೆ ಮಾತಾಡಿಸಬಹುದಾ?