ಕೆರೆ ತುಂಬಾ ಅಂತರಗಂಗೆ: ಕಳೆ ತೆಗೆಸೋದು ಮೊದಲಾ, ಚರಂಡಿ ತಡೆಯೋದು ಮೊದಲಾ?

ಕೆರೆಬಯಲು: ಮೈಸೂರಿನ ಹೊರವಲಯದ ನಮ್ಮ ಕೆರೆಯಲ್ಲಿ ನೀರೇ ಕಾಣದಷ್ಟು ಅಂತರಗಂಗೆ ಹಬ್ಬಿದೆ. ಮೇಲ್ಗಡೆ ಬಡಾವಣೆಯ ಕೊಳಚೆ ರಾಜಕಾಲುವೆಗೆ ಸೇರುತ್ತಿದೆ. ಮೊದಲ ಮಳೆ ಬಿದ್ದ ಮರುದಿನ ಮೀನು ಸತ್ತು ತೇಲುತ್ತವೆ. ಜೆಸಿಬಿ ತರಿಸಿ ಕಳೆ, ಹೂಳು ಎಲ್ಲಾ ಎತ್ತಿಸೋಣ ಅಂತಿದ್ದಾರೆ. ಇದು ಸರಿಯೇ?

ಕೋಡಿ: ಚರಂಡಿ ಬಿಟ್ಟು ಕಳೆಗೆ ಕೈ ಹಾಕಬೇಡಿ ಸರ್. ಕೊಳಚೆಯ ಸಾರಜನಕ, ರಂಜಕವೇ ಅದಕ್ಕೆ ಗೊಬ್ಬರ. ಬಿಸಿಲಿದ್ದರೆ ಎರಡು ವಾರದಲ್ಲಿ ದುಪ್ಪಟ್ಟಾಗುತ್ತೆ. ಬೀಜ ಕೆಸರಲ್ಲಿ ವರ್ಷಗಟ್ಟಲೆ ಬದುಕಿರುತ್ತೆ. ಬೇಸಿಗೆಯಲ್ಲಿ, ಮಳೆಯಿಲ್ಲದ ದಿನ ಬೆಳಿಗ್ಗೆ 7ಕ್ಕೆ ರಾಜಕಾಲುವೆ ನೋಡಿ. ಆಗಲೂ ಹರಿಯುತ್ತಿದ್ದರೆ ಬಹುಪಾಲು ಕೊಳಚೆಯೇ. ಕಾಲುವೆ ಧುಮುಕುವ ಕಡೆ ಬಕೆಟ್ ಹಿಡಿದು ಅಳೆಯಿರಿ. ಬೆಳಿಗ್ಗೆ ಹರಿವು ಜಾಸ್ತಿ, ಮಧ್ಯಾಹ್ನ, ರಾತ್ರಿಯೂ ಅಳೆದು ಸರಾಸರಿ ತೆಗೆಯಿರಿ. 20 ಲೀಟರ್ 10 ಸೆಕೆಂಡಿಗೆ ತುಂಬಿದರೆ ಸೆಕೆಂಡಿಗೆ 2 ಲೀಟರ್, ಅಂದರೆ ದಿನಕ್ಕೆ 1,72,800 ಲೀಟರ್. ಈ ಲೆಕ್ಕ ಅರ್ಜಿಯಲ್ಲಿದ್ದರೆ ಯುಜಿಡಿ (ಒಳಚರಂಡಿ) ಎಂಜಿನಿಯರ್‌ಗೆ ಪೈಪಿನ ಅಳತೆ ಹಾಕಲು ಅನುಕೂಲ.

ಹಾಗಂತ ಕಾಲುವೆಯನ್ನೇ ಮುಚ್ಚಿಸಬೇಡಿ. ಪೂರ್ಣಯ್ಯ ನಾಲೆಯ ಜಾಡು ಬಡಾವಣೆಗಳ ನಡುವೆ ತುಂಡಾಗಿ ಕುಕ್ಕರಹಳ್ಳಿ ಕೆರೆಗೆ ಮಳೆನೀರಿನ ದಾರಿ ಹೇಗೆ ಕಿರಿದಾಯಿತು ನೋಡಿ. ಅಡ್ಡಲಾಗಿ ಗಿಡ್ಡ ಕಟ್ಟೆ ಹಾಕಿಸಿ: ದಿನನಿತ್ಯದ ಸಣ್ಣ ಹರಿವು ಯುಜಿಡಿಗೆ ಇಳಿಯಲಿ, ಮಳೆಯ ದೊಡ್ಡ ಹರಿವು ಕಟ್ಟೆ ಹತ್ತಿ ಕೆರೆಗೆ ಹೋಗಲಿ. ಪೈಪಿನ ಬಾಯಿಗೆ ಕಸದ ಜಾಲರಿ ಬೇಕೇ ಬೇಕು. ಅದು ಕಟ್ಟಿಕೊಂಡರೆ ಕೊಳಚೆ ಮತ್ತೆ ಕೆರೆಗೇ ಬರುತ್ತೆ.

ತೂಬು: ಮೀನು ಸಾಯೋದು ಉಸಿರುಗಟ್ಟಿ. ಮೊದಲ ಮಳೆ ಚರಂಡಿಯಲ್ಲಿ ಕೂತ ಕೊಳೆಯನ್ನೆಲ್ಲ ಒಮ್ಮೆಗೇ ತಂದು ಸುರಿದು, ತಳದ ಕೆಸರನ್ನೂ ಕದಡುತ್ತೆ. ಕರಗಿದ ಆಮ್ಲಜನಕ ಲೀಟರಿಗೆ 4 ಮಿಲಿಗ್ರಾಂ ಆದರೂ ಇರಬೇಕು. ಮಧ್ಯಾಹ್ನ ಪಾಚಿ ಆಮ್ಲಜನಕ ಬಿಡೋದರಿಂದ ಆಗಿನ ಪರೀಕ್ಷೆ ನಂಬಬೇಡಿ. ಸೂರ್ಯೋದಯಕ್ಕೆ ಮುಂಚೆ ಅಳೆಯಿರಿ. ಕಳೆನಾಶಕ ಅಂತೂ ಹೊಡೆಸಲೇಬೇಡಿ, ಸತ್ತ ಗಿಡ ತಳಕ್ಕಿಳಿದು ಕೊಳೆತು ಉಳಿದ ಆಮ್ಲಜನಕವನ್ನೂ ತಿನ್ನುತ್ತೆ. ಕಳೆಯನ್ನು ಹೂ ಬಿಡುವ ಮೊದಲೇ, ಭಾಗ ಭಾಗವಾಗಿ ತೆಗೆಸಿ. ದಡದಲ್ಲೇ ರಾಶಿ ಹಾಕಿದರೆ ಅದರ ರಸ ವಾಪಸ್ ಕೆರೆಗೇ ಇಳಿಯುತ್ತೆ.

ಹೂಳಿನ ವಿಷಯದಲ್ಲಿ ಜೆಸಿಬಿಯವರನ್ನು ಅವರ ಪಾಡಿಗೆ ಬಿಡಬೇಡಿ. ಕಪ್ಪು ಗೋಡು ಮುಗಿದು ಗಟ್ಟಿ ಜೇಡಿ ಸಿಕ್ಕ ಕೂಡಲೇ ನಿಲ್ಲಿಸಬೇಕು. ಏರಿಯ ಬುಡ ಕೆದಕಿದರೆ ನೀರು ಜಿನುಗಿ ಏರಿಯೇ ಕುಸಿಯಬಹುದು.

ಕೆರೆಬಯಲು: ಯುಜಿಡಿ ಬರೋತನಕ ಗಿಡಗಳ ಮೂಲಕ ಸೋಸಬಹುದಾ? ಕೆರೆಯ ಮೇಲ್ಗಡೆ 10 ಗುಂಟೆ ಸರ್ಕಾರಿ ಜಾಗ ಇದೆ. ಹರಿವು ನೀವು ಹೇಳಿದ ಹಾಗೆ ಸೆಕೆಂಡಿಗೆ ಸುಮಾರು 2 ಲೀಟರ್.

ಕೋಡಿ: ಪೂರ್ತಿ ಹರಿವಿಗೆ ಸಾಲದು. 60 ಸೆಂ.ಮೀ. ಆಳದ ಜಲ್ಲಿ ಹಾಸು, ಅದರಲ್ಲಿ 40% ಸಂದು, ನೀರು ಎರಡು ದಿನ ನಿಲ್ಲಬೇಕು ಅಂದರೆ ಸುಮಾರು 14 ಗುಂಟೆ ಬೇಕು. ನಿಮ್ಮ ಜಾಗಕ್ಕೆ ಸೆಕೆಂಡಿಗೆ 1.4 ಲೀಟರ್ ಮಾತ್ರ ಬಿಡಿ. ಜಲ್ಲಿಗೆ ಮುಂಚೆ ಮಡ್ಡಿ ಕೂರುವ ತೊಟ್ಟಿ ಇರಲೇಬೇಕು, ಅದಕ್ಕೂ ಇದರಲ್ಲೇ ಜಾಗ ಕಳೆಯಿರಿ. ತೊಟ್ಟಿಯ ಮಡ್ಡಿ ತೆಗೆಯದಿದ್ದರೆ ಜಲ್ಲಿ ಕಟ್ಟಿಕೊಂಡು ನೀರು ಮೇಲೇ ಹರಿಯುತ್ತೆ. ಜೊಂಡು, ಲಾವಂಚ ನೆಡಿಸಿ, ಬೆಳೆದಂತೆ ಕೊಯ್ದು ಹೊರಗೆ ಸಾಗಿಸಿ; ಅಲ್ಲೇ ಬಾಡಲು ಬಿಟ್ಟರೆ ಹೀರಿದ ಗೊಬ್ಬರವೆಲ್ಲ ನೀರಿಗೇ ವಾಪಸ್.