ರೇಸ್ ಬಿಟ್ಟ ಕುದುರೆ ತಗೊಳ್ಳೋದಾ? ಗೊರಸಿನ ಬಗ್ಗೆ ಅನುಭವ ಇರುವವರು ಹೇಳಿ

ತುಮಕೂರಿನ ಅಪ್ಪ: ಮಗಳ ಸವಾರಿಗೆ ರೇಸ್ ಬಿಟ್ಟ 7 ವರ್ಷದ ಹೆಣ್ಣು ಕುದುರೆ ನೋಡಿದ್ದೇವೆ. 1,10,000 ಹೇಳುತ್ತಿದ್ದಾರೆ. ಮುಂಗಾಲಿಗೆ ಮಾತ್ರ ಲಾಳ ಇದೆ, ಎಡ ಗೊರಸಿನಲ್ಲಿ ಸಣ್ಣ ಬಿರುಕು. ನಮ್ಮದು ಜಲ್ಲಿ ನೆಲ. ಲಾಳ ಇರಲಾ, ತೆಗೆಸಲಾ?

ಕೆಂಗೇರಿ ಲಾಯ: ನಾನೂ ರೇಸಿನ ತಳಿಯೇ, ಥರೋಬ್ರೆಡ್ಡೇ ತಗೊಂಡೆ, 80,000ಕ್ಕೆ. ಅಗ್ಗ ಅಂದುಕೊಂಡೆ. ಇವುಗಳ ಗೊರಸೂ ತೆಳು, ಅಂಗಾಲೂ ತೆಳು. ಎರಡನೇ ತಿಂಗಳು ಲಾಳ ಕಟ್ಟಿದವರು ಮೊಳೆಯನ್ನು ಗೊರಸಿನೊಳಗಿನ ಹಸಿ ಮಾಂಸಕ್ಕೆ ಹೊಡೆದರು. ಮೂರನೇ ದಿನ ಕುದುರೆ ಕಾಲೂರಲಿಲ್ಲ. ಕೀವು ಕಟ್ಟಿತ್ತು. ದಿನಾ ಎರಡು ಹೊತ್ತು ಬಿಸಿನೀರಿಗೆ ಎಪ್ಸಮ್ ಸಾಲ್ಟ್ ಹಾಕಿ ಕಾಲು ನೆನೆಸಬೇಕು, ಆಮೇಲೆ ಗೊರಸಿಗೆ ಮಕ್ಕಳ ಡೈಪರ್ ಸುತ್ತಿ ಮೇಲೆ ಟೇಪ್. ಅದು ಹೊರಳಿದರೆ ಟೇಪ್ ಹರಿಯಿತು, ಮತ್ತೆ ಮೊದಲಿಂದ. ಡಾಕ್ಟರು ಆರು ಸಲ ಬಂದರು, 9,000. ಎಕ್ಸ್‌ರೇ 6,000. ಔಷಧಿ 7,400. ಡೈಪರ್, ಟೇಪ್, ಸಾಲ್ಟ್ 3,150. ಒಟ್ಟು 25,550, ಚೀಟಿ ಎಲ್ಲಾ ಇಟ್ಟಿದ್ದೇನೆ. ಕುದುರೆಗಿಂತ ಮೊದಲು ಲಾಳ ಕಟ್ಟುವವರನ್ನು ಹುಡುಕಿ.

ಜಮಖಂಡಿ ಸವಾರ: ಲಾಳವೇ ಬೇಡ ಅಂದರೆ ಮೊಳೆ ಎಲ್ಲಿಂದ ಬರುತ್ತದೆ? ಮಹಾರಾಷ್ಟ್ರದ ಸಾರಂಗಖೇಡಾ ಕುದುರೆ ಜಾತ್ರೆಯಿಂದ ಮಾರ್ವಾಡಿ ತಳಿಯ ಕುದುರೆ ತಂದೆ. 1,85,000, ಲಾರಿ ಬಾಡಿಗೆ 22,000 ಬೇರೆ. ಬಂದ ವಾರವೇ ಲಾಳ ಕೀಳಿಸಿದೆ. ನಾಲ್ಕು ತಿಂಗಳು ಕಲ್ಲು ಕಂಡರೆ ಹೆದರಿ ಕಾಲಿಡುತ್ತಿತ್ತು. ಮನೆಯವರೆಲ್ಲ ಬೈದರು. ಗೊರಸು ತಿಂಗಳಿಗೆ ಒಂದು ಸೆಂಟಿಮೀಟರೂ ಬೆಳೆಯಲ್ಲ. ಮೇಲಿಂದ ನೆಲದವರೆಗೆ ಹೊಸದು ಬರಲು ಹತ್ತಿರ ಹತ್ತಿರ ವರ್ಷ ಬೇಕು. ನಾನು ಕಾದೆ. ಆರು ವಾರಕ್ಕೊಮ್ಮೆ ಅಂಚು ಕತ್ತರಿಸಿ ಅರ ಹಾಕಿಸುತ್ತೇನೆ, ಅಷ್ಟೇ. ಕಾಯಲು ಆಗದವರು ಲಾಳ ಹೊಡೆಸುತ್ತಾರೆ.

ಕೆಂಗೇರಿ ಲಾಯ: ನಿಮ್ಮದು ಎರೆಮಣ್ಣಿನ ಹೊಲ ಸ್ವಾಮಿ. ನಮ್ಮ ಹಾಗೆ ಕಾಂಕ್ರೀಟಿನ ಮೇಲೆ ನಡೆಸಿ ಆಮೇಲೆ ಮಾತಾಡಿ. ನಾನು ಕಾಯಲಿಲ್ಲ ಅಂದಿರಲ್ಲ, 41 ದಿನ ಲಾಯದಲ್ಲೇ ಮಲಗಿದ್ದೇನೆ.

ಮೈಸೂರು ಜಟಕಾ ಮನೆ: ತಾತನ ಕಾಲದಿಂದ ಜಟಕಾ ನಮ್ಮದು. ಅರಮನೆ ಸುತ್ತಿನ ಡಾಂಬರಿನ ಮೇಲೆ ಲಾಳ ಇಲ್ಲದೆ ಓಡಿಸಿ ನೋಡಿ, ಗೊರಸು ಸವೆದು ರಕ್ತ ಬರುತ್ತದೆ. ಐದು ವಾರಕ್ಕೊಮ್ಮೆ ನಾಲ್ಕೂ ಕಾಲಿಗೆ ಲಾಳ, 1,400 ರೂಪಾಯಿ, ನನಗೆ ಒಂದು ಸಲವೂ ತಪ್ಪಿಲ್ಲ. ಲಾಳ ಸಡಿಲ ಆದರೆ ಸದ್ದಲ್ಲೇ ಗೊತ್ತಾಗುತ್ತದೆ. ಟಕ್ ಅನ್ನುವುದು ಚಟ್ ಅನ್ನುತ್ತದೆ. ಬೇಯಿಸಿದ ಹುರುಳಿ ಹಾಕಿ, ಗೊರಸು ಕಬ್ಬಿಣ ಆಗುತ್ತದೆ ಅನ್ನುತ್ತಾರೆ ನಮ್ಮಲ್ಲಿ. ಇನ್ನೊಂದು, ಗೊರಸಿಗಿಂತ ಮೊದಲು ಮೈಕೂದಲಿನ ಸುಳಿ ನೋಡಿ. ಕಣ್ಣ ಕೆಳಗೆ ಸುಳಿ ಇದ್ದರೆ ಸುಮ್ನೆ ಕೊಟ್ಟರೂ ಬೇಡ.

ಜಮಖಂಡಿ ಸವಾರ: ನನ್ನ ಕುದುರೆಗೆ ಅದೇ ಸುಳಿ ಇದೆ ಅಣ್ಣಾ. ಅದಕ್ಕೇ 40,000 ಇಳಿಸಿ ಕೊಟ್ಟರು. ಮೂರು ವರ್ಷ ಆಯಿತು, ಮನೆಗೆ ಏನೂ ಆಗಿಲ್ಲ.

ಮೈಸೂರು ಜಟಕಾ ಮನೆ: ಆಗುವ ತನಕ ಎಲ್ಲರೂ ಹೀಗೇ ಹೇಳುವುದು. ನಮ್ಮ ದೊಡ್ಡಪ್ಪನೂ ಕೇಳಲಿಲ್ಲ.

ಹಾಸನದ ಅಕ್ಕ: ಗೊರಸು ಗಟ್ಟಿ ಆಗಲಿ ಅಂತ ಕಾಳು ಜಾಸ್ತಿ ಹಾಕಿ ಅನ್ನಬೇಡಿ. ದಯವಿಟ್ಟು. ನಮ್ಮದು ಒಂದು ರಾತ್ರಿ ಹಗ್ಗ ಬಿಚ್ಚಿಕೊಂಡು ಮುಸುಕಿನ ಜೋಳದ ನುಚ್ಚಿನ ಮೂಟೆಗೆ ಬಾಯಿ ಹಾಕಿತು. ಎರಡನೇ ದಿನ ಮುಂಗಾಲು ಚಾಚಿ, ಮೈಯೆಲ್ಲ ಹಿಂದಕ್ಕೆ ವಾಲಿಸಿ ನಿಂತಿತ್ತು. ಗೊರಸು ಮುಟ್ಟಿದರೆ ಕಾದ ಪಾತ್ರೆ. ಲ್ಯಾಮಿನೈಟಿಸ್ ಅಂದರು, ಗೊರಸಿನೊಳಗಿನ ಉರಿಯೂತ. ಐಸ್ ನೀರಿನ ಬಕೆಟ್ಟಿನಲ್ಲಿ ಕಾಲಿಡಿಸಿ ರಾತ್ರಿಯೆಲ್ಲ ಕೂತೆ. ಎಕ್ಸ್‌ರೇಯಲ್ಲಿ ಒಳಗಿನ ಮೂಳೆ ತಿರುಗಿತ್ತು. ಐದು ವಾರ ನೋಡಿ, ನೋವು ಮುಗಿಸುವ ಕೊನೆಯ ಇಂಜೆಕ್ಷನ್ ಕೊಡಿಸಬೇಕಾಯಿತು.

ಮೈಸೂರು ಜಟಕಾ ಮನೆ: ನಾನು ಹೇಳಿದ್ದು ಹುರುಳಿ ಅಕ್ಕಾ, ಜೋಳ ಅಲ್ಲ. ಅದೂ ಅಳತೆಯಲ್ಲಿ. ನಿಮ್ಮ ಕುದುರೆಗೆ ಸುಳಿ ಎಲ್ಲಿತ್ತು?

ಹಾಸನದ ಅಕ್ಕ: ಅದರ ನಾಲ್ಕೂ ಲಾಳ ಇನ್ನೂ ಲಾಯದ ಮೊಳೆಗೆ ನೇತು ಹಾಕಿವೆ. ಸುಳಿಯ ಮಾತು ನನ್ನ ಹತ್ತಿರ ಎತ್ತಬೇಡಿ.