‘ಅಕ್ರಮ ವಲಸಿಗ’ ಅನ್ನದೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಅಮೆರಿಕದ ಹೊಲಗಳಲ್ಲಿ, ಹೋಟೆಲ್ ಅಡುಗೆಮನೆಗಳಲ್ಲಿ ದುಡಿಯುವ ವಲಸೆ ಕೂಲಿಕಾರರ ಬಗ್ಗೆ ಒಂದು ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೊದಲ ಸಾಲಿನಲ್ಲೇ ಗಾಡಿ ನಿಂತಿದೆ. ‘ಅನ್‌ಡಾಕ್ಯುಮೆಂಟೆಡ್’ ಅನ್ನೋದಕ್ಕೆ ಏನು ಬರೆಯಲಿ?

ಪತ್ರಿಕೆಗಳಲ್ಲಿ ಸಿದ್ಧವಾಗಿ ಸಿಗುವುದು ‘ಅಕ್ರಮ ವಲಸಿಗ’. 2025ರ ಫೆಬ್ರುವರಿ 5ರಂದು ಅಮೆರಿಕದ ಸೇನಾ ವಿಮಾನ 104 ಭಾರತೀಯರನ್ನು ಅಮೃತಸರದಲ್ಲಿ ತಂದು ಇಳಿಸಿದಾಗಲೂ ಇದನ್ನೇ ಓದಿದೆವು. ನಮ್ಮ 1955ರ ಪೌರತ್ವ ಕಾಯ್ದೆಗೂ 2003ರ ತಿದ್ದುಪಡಿಯಲ್ಲಿ ಇದೇ ಅರ್ಥದ ಪದ ಸೇರಿತು. ಕಾಯ್ದೆ ಅನುವಾದಿಸುವವರು ಅದನ್ನೇ ಬರೆಯಬೇಕು, ಸರಿ. ನನ್ನ ಕೈಲಿರುವುದು ಕಾಯ್ದೆ ಅಲ್ಲ. ಮೇಲಾಗಿ ಮೂಲ ಲೇಖಕರು ‘ಇಲ್ಲೀಗಲ್’ ಅನ್ನೋದನ್ನು ಬೇಕಂತಲೇ ಬಿಟ್ಟಿದ್ದಾರೆ. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಕೂಡ 2013ರಲ್ಲಿ ಅದನ್ನು ಕೈಬಿಟ್ಟಿತು. ಮಾಡಿದ ಕೆಲಸವನ್ನು ಬೇಕಾದರೆ ಇಲ್ಲೀಗಲ್ ಅನ್ನಿ, ಮನುಷ್ಯನನ್ನು ಅನ್ನಬೇಡಿ ಎಂಬುದು ಅವರ ನಿಲುವು.

ಹುಬ್ಬಳ್ಳಿಯ ನಮ್ಮ ಮನೆಗೆ ಈ ವಾರ ಬಚ್ಚಲ ರಿಪೇರಿಗೆ ಒಬ್ಬ ಗೌಂಡಿ ಬರುತ್ತಿದ್ದಾರೆ. ರೋಣದ ಕಡೆಯವರು. ಹತ್ತು ವರ್ಷ ಗೋವಾದಲ್ಲಿ ದುಡಿದವರು. ಚಹಾದ ಹೊತ್ತಿಗೆ ಅವರಿಗೆ ನಾಲ್ಕು ಸಾಲು ಓದಿ ತೋರಿಸಿದೆ. ಕರಣಿಗೆ ಮೆತ್ತಿದ ಸಿಮೆಂಟ್ ಕೆರೆಯುತ್ತಾ ಕೇಳಿದರು: “ಅಕ್ರಮ ಅಂದ್ರ, ಕಳುವು ಮಾಡ್ಯಾರೇನ್ರೀ?” ಇಲ್ಲ, ಹೋಟೆಲಿನಲ್ಲಿ ಪಾತ್ರೆ ತಿಕ್ಕುತ್ತಾರೆ ಅಂದೆ. “ಮತ್ತ ಅಕ್ರಮ ಯಾವುದ್ರೀ, ಪಾತ್ರೆನೋ ಮನಿಷ್ಯಾನೋ?” ಆಮೇಲೆ ತಾವೇ ಅಂದರು, “ನಮಗೂ ಅಲ್ಲಿ ಘಾಟಿ ಅಂತಿದ್ರು.” ರೋಣದಿಂದ ಗೋವಾಕ್ಕೆ ಹೋಗಲು ಯಾರ ಅಪ್ಪಣೆಯೂ ಬೇಕಿಲ್ಲ. ಸಂವಿಧಾನದ 19ನೇ ವಿಧಿಯೇ ಆ ಹಕ್ಕು ಕೊಟ್ಟಿದೆ. ಆದರೂ ಘಟ್ಟದ ಮೇಲಿನಿಂದ ಕೂಲಿಗೆ ಬಂದವರಿಗೆ ಅಲ್ಲೊಂದು ಹೆಸರು ಕಾದಿರುತ್ತದೆ.

‘ನುಸುಳುಕೋರ’ ಆಗುವುದಿಲ್ಲ. ವೀಸಾ ಹಿಡಿದು ರಾಜಮಾರ್ಗದಲ್ಲೇ ಬಂದು, ಅವಧಿ ಮುಗಿದ ಮೇಲೆ ಉಳಿದವರೂ ಇದರಲ್ಲಿದ್ದಾರೆ. ಅಮೆರಿಕದಲ್ಲಿ ತಪಾಸಣೆ ತಪ್ಪಿಸಿ ಗಡಿ ದಾಟುವುದು ಅಪರಾಧ. ಬರೀ ಅವಧಿ ಮೀರಿ ಉಳಿಯುವುದು ಸಿವಿಲ್ ತಪ್ಪು. ಇಬ್ಬರನ್ನೂ ಒಂದೇ ಚೀಲಕ್ಕೆ ತುಂಬೋದು ಹೇಗೆ? ‘ಗುಳೆ ಹೋದವರು’ ನನಗೆ ಇಷ್ಟದ ಮಾತು, ಆದರೆ ನಮ್ಮ ಗುಳೆ ಮಳೆ ಬಿದ್ದರೆ ಊರಿಗೆ ತಿರುಗುತ್ತದೆ. ‘ಪರದೇಶಿ’ ಅಂದರೆ ನಮ್ಮ ಕಡೆ ಯಾರೂ ದಿಕ್ಕಿಲ್ಲದವನು. ಅರ್ಥ ಹತ್ತಿರವೇ ಬಂತು, ಆದರೆ ಬೈಗುಳದ ವಾಸನೆ ಜಾಸ್ತಿ.

‘ದಾಖಲೆ ಇಲ್ಲದ ವಲಸಿಗ’ ಅಂತ ಕೆಲವರು ಬರೆಯುತ್ತಾರೆ. ಇದು ಅಕ್ಷರಕ್ಕೆ ಅಕ್ಷರ ಇಟ್ಟ ಹಾಗಿದೆ, ಅಲ್ವಾ? ಇಲ್ಲಿಯ ಓದುಗರಿಗೆ ಇವರ ಆಧಾರ್ ಕಳೆದಿದೆ ಅನ್ನಿಸುತ್ತದೆ. ನಿಜ ನೋಡಿದರೆ ಈ ಕೂಲಿಕಾರರಲ್ಲಿ ಎಷ್ಟೋ ಜನರ ಹತ್ತಿರ ತಮ್ಮ ದೇಶದ ಪಾಸ್‌ಪೋರ್ಟ್ ಇರುತ್ತದೆ. ತೆರಿಗೆ ಕಟ್ಟಲು ಅಲ್ಲಿನ ಸರಕಾರವೇ ಕೊಟ್ಟ ನಂಬರ್ ಕೂಡ ಕೆಲವರಿಗೆ ಇರುತ್ತದೆ. ಇಲ್ಲದೇ ಇರುವುದು ಕಾಗದವಲ್ಲ, ಪರವಾನಗಿ. ಆ ಒಂದು ಇಲ್ಲದ್ದಕ್ಕೆ ಉಳಿದದ್ದೆಲ್ಲ ಸಡಿಲಾಗುತ್ತದೆ. ಕನಿಷ್ಠ ಕೂಲಿಯ ಕಾನೂನು ಅಲ್ಲಿ ಇವರಿಗೂ ಅನ್ವಯಿಸುತ್ತದೆ. ಆದರೆ ಮಾಲೀಕ ಪಗಾರ ಮುರಿದುಕೊಂಡರೆ ದೂರು ಕೊಡಲು ಯಾವ ಧೈರ್ಯದಿಂದ ಹೋಗುತ್ತಾರೆ?

ಹುಡುಕುತ್ತಾ ಹೋದಾಗ ನೆನಪಾದದ್ದು ‘ಬಗರ್ ಹುಕುಂ’. ಸರಕಾರಿ ಜಮೀನನ್ನು ಅಪ್ಪಣೆ ಇಲ್ಲದೆ ಉಳುವುದು. ಪದದ ಅರ್ಥವೂ ಅಷ್ಟೇ, ಹುಕುಂ ಇಲ್ಲದೆ. ಸರಕಾರಿ ಕಡತ ಅದನ್ನು ಅನಧಿಕೃತ ಸಾಗುವಳಿ ಅನ್ನುತ್ತದೆ. ಆದರೆ ಸಕ್ರಮ ಮಾಡಿಕೊಡಿ ಅಂತ ಅರ್ಜಿ ನಮೂನೆ 50, 53, 57 ತುಂಬಿ ತಹಶೀಲ್ದಾರ್ ಕಚೇರಿ ಮುಂದೆ ಕೂತವನನ್ನು ಊರಲ್ಲಿ ಯಾರೂ ‘ಅಕ್ರಮ ರೈತ’ ಅನ್ನುವುದಿಲ್ಲ. ಬಗರ್ ಹುಕುಂ ರೈತ ಅಂತಾರೆ. ನಮ್ಮ ಅವಳಿನಗರದ ಗುಂಟಾ ಪ್ಲಾಟುಗಳೂ ಹಾಗೇ. ಲೇಔಟಿಗೆ ಮಂಜೂರಾತಿ ಇಲ್ಲ, ಒಳಗೆ ವಾಸ ಮಾಡುವವರು ಮಾತ್ರ ‘ಅಕ್ರಮ ನಿವಾಸಿ’ ಆಗಲಿಲ್ಲ. ಅಷ್ಟೇ ಅಲ್ಲ, ನಾವು ‘ಅಕ್ರಮ-ಸಕ್ರಮ’ ಅಂತ ಒಂದೇ ಉಸಿರಿಗೆ ಹೇಳುವ ಜನ. ಜಮೀನು, ಕಟ್ಟಡದ ವಿಷಯದಲ್ಲಿ ಅಕ್ರಮ ಅಂದರೆ ಫೀಸು ಕಟ್ಟಿ ದಾಟಬಹುದಾದ ಒಂದು ಹಂತ. ಮನುಷ್ಯನಿಗೆ ಅಂಟಿದಾಗ ಅದೇ ಪದ ಚರ್ಮವಾಗಿಬಿಡುತ್ತದೆ. ಅಮೆರಿಕದಲ್ಲೂ 1986ರ ಕಾನೂನು ಸುಮಾರು 27 ಲಕ್ಷ ಜನರನ್ನು ಹೀಗೇ ಸಕ್ರಮ ಮಾಡಿತ್ತು. ಆ ಪ್ಯಾರಾದಲ್ಲಿ ‘ಸಕ್ರಮ’ ಅಂತ ಬರೆದಾಗ ಕನ್ನಡ ಎಷ್ಟು ಸಲೀಸಾಗಿ ಕೂತಿತು ಅಂತೀರಿ!

ಸದ್ಯಕ್ಕೆ ‘ಪರವಾನಗಿ ಇಲ್ಲದ ವಲಸಿಗ’ ಅಂತ ಇಟ್ಟುಕೊಂಡಿದ್ದೇನೆ. ‘ಬಗರ್ ಹುಕುಂ ವಲಸಿಗ’ ಬರೆಯಲು ಕೈ ತುರಿಸುತ್ತಿದೆ, ಆದರೆ ಓದುವವರು ನಕ್ಕುಬಿಟ್ಟಾರು ಅಂತ ಅಳುಕು. ನಿಮಗೇನನ್ನಿಸುತ್ತದೆ?

ಇನ್ನೊಂದು ತೊಡಕು ಉಳಿದಿದೆ. 1982ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಇಂಥವರ ಮಕ್ಕಳಿಗೆ ಸರಕಾರಿ ಶಾಲೆಯ ಬಾಗಿಲು ಮುಚ್ಚುವಂತಿಲ್ಲ ಅಂತ ತೀರ್ಪು ಕೊಟ್ಟಿತು. ಆ ಮಕ್ಕಳಿಗೂ ಮೂಲದಲ್ಲಿ ಅದೇ ವಿಶೇಷಣ. ಎರಡು ವರ್ಷದ ಕೂಸು ಅವ್ವನ ಕಂಕುಳಲ್ಲಿ ಗಡಿ ದಾಟಿದೆ. ಅದು ಯಾರ ಹುಕುಂ ಕೇಳಬೇಕಿತ್ತು? ‘ಪರವಾನಗಿ ಇಲ್ಲದ ಮಗು’ ಅಂತ ಬರೆದು ಎರಡು ಸಲ ಹೊಡೆದುಹಾಕಿದ್ದೇನೆ. ಯಾರಿಗಾದರೂ ಹೊಳೆದರೆ ಬರೆಯಿರಿ.